ಈ ಹೊತ್ತು

ಚಿಕ್ಕವನಿದ್ದಾಗ ರಾತ್ರಿ ಊಟಕ್ಕೆ ಮುಂಚೆ ನಮ್ಮ ಮನೆಯಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿಸುತ್ತಿದ್ದರು. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಎಂಬ ಸಾಲು ಬಂದಾಗಲೆಲ್ಲ ನನಗೆ ಒಳಗೊಳಗೇ ಆತಂಕ. ನಮ್ಮಲ್ಲಿ ಹೊತ್ತು ಎಂದರೆ ಊಟದ ಲೆಕ್ಕ. ಎರಡು ಹೊತ್ತು ಹೊಟ್ಟೆ ತುಂಬ ಉಂಡವನು ಪುಣ್ಯವಂತ. ವ್ರತ ಹಿಡಿದವರದು ಒಪ್ಪೊತ್ತು. ಹಾಗಾದರೆ ನಾವು ಬೇಡಿಕೊಂಡದ್ದು ಈ ಒಂದು ಊಟವನ್ನು ಮಾತ್ರವೇ? ನಾಳೆ ಬೆಳಗಿನ ಉಪ್ಪಿಟ್ಟಿನ ಗತಿ? ಎಲ್ಲರೂ ‘ಆಮೆನ್’ ಎಂದ ಮೇಲೆ ನಾನು ಬಾಯೊಳಗೇ ‘ನಾಳೆಯದೂ’ ಎಂದು ಸೇರಿಸಿಬಿಡುತ್ತಿದ್ದೆ. ಒಂದು ದಿನ ಅಜ್ಜಿಗೆ ಕೇಳಿಸಿತು. ಬೈಯಲಿಲ್ಲ. “ನಾಳೆ ಆತನೂ ಇರುತ್ತಾನೆ, ನಿನಗೂ ಬಾಯಿ ಇರುತ್ತದೆ. ಆಗ ಕೇಳು” ಎಂದಳು.

ನನ್ನ ಅಂಜಿಕೆ ಅಷ್ಟೇನೂ ಹುಚ್ಚಿನದಲ್ಲ ಎಂದು ಗೊತ್ತಾದದ್ದು ತಲೆ ನರೆತ ಮೇಲೆ. ನಾವು ‘ಅನುದಿನದ’ ಎನ್ನುವ ಜಾಗದಲ್ಲಿ ಮೂಲ ಗ್ರೀಕಿನಲ್ಲಿ ‘ಎಪಿಯೂಸಿಯೋಸ್’ ಎಂಬ ಪದವಿದೆಯಂತೆ. ಬೇರೆ ಕಡೆ ಅದು ಸಿಗುವುದೇ ಇಲ್ಲ ಎನ್ನುವಷ್ಟು ಅಪರೂಪ. ಇಂದಿನದು ಎನ್ನುವವರಿದ್ದಾರೆ, ಜೀವ ಹಿಡಿಯಲು ಬೇಕಾದಷ್ಟು ಎನ್ನುವವರಿದ್ದಾರೆ, ನಾಳೆಯದು ಎನ್ನುವವರೂ ಇದ್ದಾರೆ! ಲ್ಯಾಟಿನ್‌ಗೆ ತಂದ ಜೆರೋಮ್ ಅದೇ ಪದವನ್ನು ಮತ್ತಾಯನ ಸುವಾರ್ತೆಯಲ್ಲಿ ಒಂದು ರೀತಿ, ಲೂಕನ ಸುವಾರ್ತೆಯಲ್ಲಿ ಇನ್ನೊಂದು ರೀತಿ ಮಾಡಿ ಕೈತೊಳೆದುಕೊಂಡ. ಇದನ್ನು ಓದಿದ ದಿನ ಅಜ್ಜಿ ಇರಬೇಕಾಗಿತ್ತು ಅನ್ನಿಸಿತು. ಇದ್ದಿದ್ದರೂ ಸೋಲುತ್ತಿರಲಿಲ್ಲ, ಆ ಮಾತು ಬೇರೆ.

ಕನ್ನಡದಲ್ಲಿ ಇಡೀ ಬೈಬಲ್ ಬಳ್ಳಾರಿಯಲ್ಲಿ 1831ರ ಹೊತ್ತಿಗೆ ಸಿದ್ಧವಾಯಿತು. ಆಮೇಲೆ ಎಷ್ಟೋ ಸಲ ತಿದ್ದಿದರು. ನಾನು ಬಾಯಿಪಾಠ ಮಾಡಿದ ಪಾಠದಲ್ಲಿ ಪ್ರಾರ್ಥನೆಯ ರೊಟ್ಟಿ ‘ಆಹಾರ’ವಾಗಿದೆ. ಅನ್ನ ಉಣ್ಣುವವನಿಗೂ ಮುದ್ದೆ ನುಂಗುವವನಿಗೂ ಒಪ್ಪಿಗೆಯಾಗಲಿ ಎಂದಿರಬೇಕು. ನಮ್ಮ ಬೆಟಗೇರಿಯವರಿಗಂತೂ ರೊಟ್ಟಿ ಎಂದೇ ಬಿಟ್ಟಿದ್ದರೂ ಅಡ್ಡಿಯಿರಲಿಲ್ಲ. ನನ್ನ ಮುತ್ತಜ್ಜನ ಕಾಲಕ್ಕೆ ಬಾಸೆಲ್ ಮಿಷನ್‌ನವರ ಸಭೆಗೆ ಸೇರಿದ ಮನೆ ನಮ್ಮದು. ದೇವರ ಹೆಸರು ಬದಲಾದರೂ ಜೋಳ ಬದಲಾಗಲಿಲ್ಲ.

ಆ ಜೋಳವನ್ನು ನನ್ನ ಅಜ್ಜ ಹಗೇವಿನಲ್ಲಿ ಇಡುತ್ತಿದ್ದ. ನೆಲದೊಳಗೆ ತೋಡಿದ ಕಣಜ ಅದು. ಸುತ್ತ ಹುಲ್ಲು ಕೊಟ್ಟು ಜೋಳ ಸುರಿದು, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣೆಳೆದುಬಿಟ್ಟರೆ ವರ್ಷಗಟ್ಟಲೆ ನಿಶ್ಚಿಂತೆ. ಆದರೆ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವನು ಮೇಲೆ ಬರುವುದಿಲ್ಲ. ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಮೊದಲು ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಹಗೇವಿನ ಅಂಚಿಗೆ ಹೊಟ್ಟೆಯ ಮೇಲೆ ಮಲಗಿ ಆ ದೀಪವನ್ನೇ ನೋಡುತ್ತಿದ್ದ ನೆನಪು ನನಗಿದೆ. ಕೆಳಗಿನಿಂದ ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಅಜ್ಜ ದಿನಾ ಸಂಜೆ ‘ಈ ಹೊತ್ತು ದಯಪಾಲಿಸು’ ಎನ್ನುತ್ತಿದ್ದದ್ದು ಆ ಹಗೇವಿನ ಮೇಲೆ ಕೂತೇ.

ನಾನು ಅಜ್ಜನ ಮೊಮ್ಮಗ. ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಹಗೇವು ತೋಡಲಾಗದು, ಅದಕ್ಕೆ ಅಡುಗೆಮನೆಯ ಅಟ್ಟವಿದೆ. ಎರಡು ಕೊಂಡರೆ ಒಂದು ಉಚಿತ ಎಂಬ ಬೋರ್ಡು ಕಂಡರೆ ನನ್ನ ಕಾಲು ತಾನೇ ನಿಲ್ಲುತ್ತದೆ. ನನ್ನ ಹೆಂಡತಿ ಭಕ್ತಿಯಲ್ಲಿ ನನಗಿಂತ ಒಂದು ಕೈ ಮೇಲು, ಸಾಮಾನು ತರುವುದರಲ್ಲಿ ನನಗಿಂತ ಹತ್ತು ಕೈ ಕಡಿಮೆ. ಪ್ರಾರ್ಥನೆಯಲ್ಲಿ ನಾನು ‘ಈ ಹೊತ್ತು’ ಎನ್ನುವಾಗ ಅವಳು ಸಣ್ಣಗೆ ಕೆಮ್ಮುತ್ತಾಳೆ. ಮೂವತ್ತು ವರ್ಷದಿಂದ ಆ ಕೆಮ್ಮಿಗೆ ಔಷಧಿ ಸಿಕ್ಕಿಲ್ಲ.

2020ರ ಮಾರ್ಚ್ 24ರ ರಾತ್ರಿ ದೇಶವೆಲ್ಲ ಬಂದ್ ಎಂಬ ಘೋಷಣೆಯಾಗುವುದಕ್ಕೆ ನಾಲ್ಕು ದಿನ ಮೊದಲೇ ನಾನು ವಾಸನೆ ಹಿಡಿದಿದ್ದೆ. ಏಳು ಕಿಲೋ ರವೆ ತಂದಿಟ್ಟೆ.

“ಇಬ್ಬರಿಗೆ ಏಳು ಕಿಲೋ ರವೆಯೇ? ಇಸ್ರಾಯೇಲ್ಯರು ಹೆಚ್ಚು ಇಟ್ಟುಕೊಂಡ ಮನ್ನ ಏನಾಯಿತು, ನೆನಪಿದೆಯೇನ್ರೀ?” ಎಂದಳು.

ನೆನಪಿತ್ತು. ಬೈಬಲ್‌ನ ವಿಮೋಚನಕಾಂಡದ 16ನೆಯ ಅಧ್ಯಾಯ. ಮನ್ನ ಎಂದರೆ ಅಡವಿಯಲ್ಲಿ ದೇವರು ಅವರಿಗೆ ದಿನದಿನಕ್ಕೆ ಎಂದು ಆಕಾಶದಿಂದ ಸುರಿಸಿದ ಆಹಾರ. ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರಿನಷ್ಟು. ಬೆಳಗಿನ ತನಕ ಇಟ್ಟುಕೊಂಡವರ ಪಾಲಿಗೆ ಹುಳ ಬಿದ್ದು ನಾತ ಹೊಡೆಯಿತು. ನಾನೂ ಬಿಡಲಿಲ್ಲ. ಐಗುಪ್ತದಲ್ಲಿ ಯೋಸೇಫ ಏಳು ವರ್ಷ ಧಾನ್ಯ ಕೂಡಿಟ್ಟದ್ದರಿಂದ ಅಲ್ಲವೇ ಅವನ ಅಪ್ಪ ಅಣ್ಣಂದಿರು ಬದುಕಿದ್ದು ಎಂದೆ. “ಅವನು ಊರಿಗೆಲ್ಲ ಅಳೆದು ಕೊಟ್ಟ. ನೀವು ಅಟ್ಟದ ಬೀಗದ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೀರಿ” ಎಂದು ಒಳಗೆ ಹೋದಳು.

ಯೋಸೇಫ ಮಾರಿದ, ಕೊಡಲಿಲ್ಲ ಎಂದು ಹೇಳಬಹುದಾಗಿತ್ತು. ಆದಿಕಾಂಡದಲ್ಲಿ ಹಾಗೆಯೇ ಇದೆ. ಆದರೆ ಬೀಗದ ಕೈ ನಿಜವಾಗಿಯೂ ಜೇಬಿನಲ್ಲಿತ್ತು.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಹತ್ತರ ಸುಮಾರಿಗೆ ಬಾಗಿಲು ತಟ್ಟಿತು. ಲೂಕನ 11ನೆಯ ಅಧ್ಯಾಯದಲ್ಲಿ ಯೇಸು ಈ ಪ್ರಾರ್ಥನೆ ಕಲಿಸಿದ ಬೆನ್ನಿಗೇ ಒಂದು ಕಥೆ ಹೇಳುತ್ತಾನೆ: ನಡುರಾತ್ರಿ ಸ್ನೇಹಿತನೊಬ್ಬ ಬಂದು ಮೂರು ರೊಟ್ಟಿ ಕಡ ಕೇಳುತ್ತಾನೆ, ಮನೆಯವನು ಬಾಗಿಲು ಹಾಕಿಯಾಗಿದೆ, ಮಕ್ಕಳು ಮಲಗಿದ್ದಾರೆ, ತೊಂದರೆ ಕೊಡಬೇಡ ಎನ್ನುತ್ತಾನೆ. ಆ ಮನೆಯವನ ಕಷ್ಟ ನನಗೆ ಮೊದಲ ಸಲ ಅರ್ಥವಾಯಿತು. ಹೊರಗೆ ಎದುರು ಮನೆಯ ಹುಡುಗಿ, ಮುಖಕ್ಕೆ ಸೆರಗು ಕಟ್ಟಿಕೊಂಡು, ಕೈಯಲ್ಲಿ ಸ್ಟೀಲಿನ ಬಟ್ಟಲು. “ಅಂಕಲ್, ಸ್ವಲ್ಪ ರವೆ ಇದೆಯೇ? ಮಗು ಅನ್ನ ಮುಟ್ಟುತ್ತಿಲ್ಲ.”

ಕೊಟ್ಟೆ. ಆದರೆ ಹೇಗೆ ಕೊಟ್ಟೆ ಎಂದು ಹೇಳಿಬಿಡುತ್ತೇನೆ. ಹೊಸ ಆರು ಪ್ಯಾಕೆಟ್ಟುಗಳನ್ನು ಬದಿಗೆ ಸರಿಸಿ, ಹಿಂದೆ ಒಡೆದಿಟ್ಟಿದ್ದ ಹಳೆಯದನ್ನು ಹುಡುಕಿ, ಅದರಿಂದ ಬಟ್ಟಲಿನ ಕುತ್ತಿಗೆಗೆ ಒಂದು ಬೆರಳು ಕಡಿಮೆ ಇರುವಂತೆ ಸುರಿದೆ. ‘ನನ್ನ ಅನುದಿನದ ಆಹಾರ’ ಎಂದು ಪ್ರಾರ್ಥನೆಯಲ್ಲಿ ಎಲ್ಲಿಯೂ ಇಲ್ಲ, ಉದ್ದಕ್ಕೂ ‘ನಮ್ಮ’ ಎಂದೇ ಇದೆ ಎಂಬುದು ಬಾಗಿಲು ಹಾಕಿ ಮಲಗಿದ ಮೇಲೆ ಹೊಳೆಯಿತು. ಅಷ್ಟು ಹೊತ್ತಿಗೆ ಅವರ ಮನೆಯಿಂದ ಒಗ್ಗರಣೆಯ ವಾಸನೆ ಬಂದಾಗಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಅಟ್ಟದಿಂದ ಪ್ಯಾಕೆಟ್ಟು ಇಳಿಸಿದೆ. ರವೆ ತಾನೇ ಮೆಲ್ಲಗೆ ಅಲುಗಾಡುತ್ತಿತ್ತು. ಕಣ್ಣಿನ ದೋಷವೆಂದು ಕನ್ನಡಕ ಒರೆಸಿ ನೋಡಿದೆ. ಸಾಸಿವೆಗಿಂತ ಸಣ್ಣ ಕಂದು ಹುಳಗಳು, ಎಳೆ ಎಳೆಯಾಗಿ ಗೂಡು ಕಟ್ಟಿದ ರವೆ. ಆರರಲ್ಲಿ ನಾಲ್ಕು ಹೋಗಿದ್ದವು. ಮಹಡಿಯ ಮೇಲೆ ಹಳೆಯ ಪೇಪರು ಹಾಸಿ ಬಿಸಿಲಿಗೆ ಹರವಿದೆ. ಹುಬ್ಬಳ್ಳಿಯ ಜೂನ್ ಬಿಸಿಲು, ಅರ್ಧ ಗಂಟೆ ಬಂದು ಹೋಯಿತು. ಗುಬ್ಬಿಗಳು ಬಂದವು. ಹೆಂಡತಿ ಮೆಟ್ಟಿಲ ಮೇಲೆ ನಿಂತು ನೋಡಿದಳು. ಮನ್ನದ ಮಾತೆತ್ತಲಿಲ್ಲ. ಎತ್ತಿದ್ದರೆ ವಾಸಿ ಇತ್ತು.

ಎದುರು ಮನೆಯ ಬಟ್ಟಲು ನಮ್ಮಲ್ಲಿಗೆ ಎರಡನೆಯ ಸಲ ಬಂದದ್ದು ಶೇಂಗಾ ಉಂಡಿ ಹೊತ್ತುಕೊಂಡು, ತುದಿಯ ತನಕ ಗೋಪುರವಾಗಿ. ಖಾಲಿ ಬಟ್ಟಲು ಹಿಂದಿರುಗಿಸುವುದು ನಮ್ಮ ಕಡೆ ಪದ್ಧತಿಯಲ್ಲ. ಕ್ರಿಸ್ಮಸ್‌ಗೆ ಕರಜಿಕಾಯಿ ತುಂಬಿ ಕಳುಹಿಸಿದೆವು. ಯುಗಾದಿಗೆ ಹೋಳಿಗೆ ಬಂತು. ನಡುವೆ ಒಮ್ಮೆ ಹೆಪ್ಪಿಗೆ ಮಜ್ಜಿಗೆ ಕೇಳಲು ನಾನೇ ಅದನ್ನು ಹಿಡಿದು ಹೋಗಿದ್ದೆ, ಅದೂ ರಾತ್ರಿ ಹತ್ತಕ್ಕೆ. ಈಗ ಆ ಬಟ್ಟಲು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ. ಮೊದಲು ಅದು ಯಾರ ಮನೆಯದಾಗಿತ್ತು ಎಂದು ಮೊನ್ನೆ ಕೇಳಿದರೆ ಆ ಹುಡುಗಿ “ನಿಮ್ಮದಲ್ಲವೇ ಅಂಕಲ್?” ಎಂದಳು.