ನಾಲ್ಕು ಸಲ ಬರುವ ಊಟದ ಮಾತು

ನಮ್ಮ ಚಿಕ್ಕಪ್ಪನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಮದುವೆ ಮನೆಗಳಲ್ಲಿ ಅವರನ್ನು ಪಂಕ್ತಿಗೆ ಕರೆಯುತ್ತಿರಲಿಲ್ಲ. "ಪಾಪ, ಅಲ್ಲಿವರೆಗೂ ಯಾಕೆ ಕಷ್ಟ" ಅಂತ ಒಳಗಿನ ರೂಮಿಗೇ ಎಲೆ ಕಳಿಸುತ್ತಿದ್ದರು. ಸಾರು ಆರಿರುತ್ತಿತ್ತು. ಎರಡನೇ ಸಲ ಬಡಿಸಲು ಯಾರೂ ಬರುತ್ತಿರಲಿಲ್ಲ.

ಅದಕ್ಕೇ ಬೈಬಲ್‌ನಲ್ಲಿ ಮೆಫೀಬೋಶೆತನ ಕಥೆ ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಅರಸ ದಾವೀದ ಹುಡುಗನಾಗಿದ್ದಾಗ ದೈತ್ಯ ಗೊಲ್ಯಾತನನ್ನು ಕೊಂದದ್ದು ಎಲ್ಲರಿಗೂ ಗೊತ್ತು. ಬೈಬಲ್‌ನ ಎರಡನೇ ಸಮುವೇಲ ಅನ್ನುವ ಪುಸ್ತಕದ 9ನೇ ಅಧ್ಯಾಯದ ದಾವೀದನ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಈ ದಾವೀದನೇ ದೊಡ್ಡವನು.

ದಾವೀದನಿಗಿಂತ ಮುಂಚಿನ ಅರಸ ಸೌಲ, ಅವನ ಮಗ, ದಾವೀದನ ಗೆಳೆಯ ಯೋನಾತಾನ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಯೋನಾತಾನನ ಮಗ ಮೆಫೀಬೋಶೆತನಿಗೆ 5 ವರ್ಷ. ದಾದಿ ಮಗುವನ್ನು ಎತ್ತಿಕೊಂಡು ಓಡಿದಳು. ಆ ಗಡಿಬಿಡಿಯಲ್ಲಿ ಮಗು ಬಿತ್ತು, ಎರಡೂ ಕಾಲು ಹೋದವು. ಮುಂದೆ ಅವನು ಲೋದೆಬಾರ್ ಅನ್ನುವ ಊರಿನಲ್ಲಿ ಮಾಕೀರ ಅನ್ನುವವನ ಮನೆಯಲ್ಲಿದ್ದ. ಹೊಸ ಅರಸ ಹಳೇ ಅರಸನ ವಂಶವನ್ನೇ ಮುಗಿಸಿಬಿಡುವ ಕಾಲ ಅದು. ದಾವೀದನಿಂದ ಕರೆ ಬಂದಾಗ ಅವನ ಎದೆ ಎಷ್ಟು ಹೊಡೆದುಕೊಂಡಿತೋ!

ದಾವೀದ ಹೇಳಿದ್ದು, "ಹೆದರಬೇಡ." ನಿನ್ನ ಮನೆಯವರನ್ನು ಕೈಬಿಡಲ್ಲ ಅಂತ ಯೋನಾತಾನನಿಗೆ ಹಿಂದೆ ಕೊಟ್ಟ ಮಾತು ಅವನಿಗೆ ನೆನಪಿತ್ತು. ಗೆಳೆಯ ಸತ್ತು ಎಷ್ಟೋ ವರ್ಷವಾಗಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೂ ಸೌಲನ ಹೊಲವೆಲ್ಲ ಮೊಮ್ಮಗನಿಗೆ ಬಂತು. ಅದನ್ನು ಉಳಲು ಸೌಲನ ಸೇವಕ ಚೀಬ, ಅವನ 15 ಗಂಡುಮಕ್ಕಳು, 20 ಆಳುಗಳು. ಹೊಲಕ್ಕಿಂತ ಜಾಸ್ತಿ ನನ್ನನ್ನು ಹಿಡಿದು ನಿಲ್ಲಿಸುವುದು ಊಟ. ಅವನು ಅರಸನ ಪಂಕ್ತಿಯಲ್ಲೇ ಉಣ್ಣಬೇಕು ಅಂತ ಆ ಪುಟ್ಟ ಅಧ್ಯಾಯದಲ್ಲಿ ನಾಲ್ಕು ಸಲ ಬರುತ್ತದೆ. ಅದೂ ಒಂದು ದಿನದ ಔತಣವಲ್ಲ, ಪ್ರತಿದಿನ. "ಕುರುಡರೂ ಕುಂಟರೂ ಮನೆಯೊಳಗೆ ಬರಬಾರದು" ಅನ್ನುವ ಮಾತು ಹುಟ್ಟಿದ್ದು ಇದೇ ದಾವೀದನಿಂದ. ಇದೇ ಪುಸ್ತಕದ 5ನೇ ಅಧ್ಯಾಯ ನೋಡಿ.

ದಾವೀದನೂ ಆಮೇಲೆ ತಪ್ಪಿದ. ಮಗ ಅಬ್ಷಾಲೋಮ ದಂಗೆ ಎದ್ದು ದಾವೀದ ಊರು ಬಿಟ್ಟು ಓಡುವಾಗ ಚೀಬ ಬಂದು, ಮೆಫೀಬೋಶೆತ ರಾಜ್ಯಕ್ಕೆ ಆಸೆಪಟ್ಟು ಊರಲ್ಲೇ ಉಳಿದಿದ್ದಾನೆ ಅಂತ ಚಾಡಿ ಹೇಳಿದ. ದಾವೀದ ವಿಚಾರಿಸದೆ ಆಸ್ತಿಯನ್ನೆಲ್ಲ ಚೀಬನಿಗೇ ಕೊಟ್ಟುಬಿಟ್ಟ. ಇದು ನನಗೆ ಈಗಲೂ ನೋವಿನ ಜಾಗ.

ಅರಸ ತಿರುಗಿ ಬಂದಾಗ ಮೆಫೀಬೋಶೆತ ಎದುರಿಗೆ ಬಂದ. ಅರಸ ಊರು ಬಿಟ್ಟ ದಿನದಿಂದ ಅವನು ಬಟ್ಟೆ ಒಗೆಸಿರಲಿಲ್ಲ, ಗಡ್ಡ ಸರಿಮಾಡಿರಲಿಲ್ಲ, ಕಾಲಿನ ಆರೈಕೆಯನ್ನೂ ಮಾಡಿಕೊಂಡಿರಲಿಲ್ಲ. ಆ ಕೊಳೆ ಬಟ್ಟೆ ನೋಡಿದ ಮೇಲೆ ನಾನು ನಂಬುವುದು ಅವನನ್ನೇ, ಚೀಬನನ್ನಲ್ಲ. ದಾವೀದ, ಹೊಲವನ್ನು ಇಬ್ಬರೂ ಹಂಚಿಕೊಳ್ಳಿ ಅಂದ. ಅದಕ್ಕೆ ಇವನು, ಎಲ್ಲವನ್ನೂ ಅವನೇ ತಗೊಳ್ಳಲಿ, ನನ್ನ ಒಡೆಯ ಸುಖವಾಗಿ ಮನೆಗೆ ಬಂದನಲ್ಲ ಅಂದ.

ದಾವೀದ ಏನೆಂದನೋ, ಬೈಬಲ್‌ನಲ್ಲಿ ಬರೆದಿಲ್ಲ.