ಥರ್ಮೋಸ್ಟಾಟ್ ಕಳಚುವ ಸಲಹೆಯ ಕುರಿತು ಸ್ಪಷ್ಟನೆ

ಹಳೆಯ ಕಾರು ಆಗುಂಬೆ ಘಾಟಿ ಹತ್ತುವಾಗ ಅತಿಯಾಗಿ ಕಾಯದಿರಲು ಥರ್ಮೋಸ್ಟಾಟನ್ನೇ ಕಳಚಿಹಾಕಬೇಕೆಂಬ ಸಂದೇಶ ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ತಪ್ಪು. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ಶಾಖ ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತೆರೆದು ಕೂಲಂಟನ್ನು (ಎಂಜಿನ್ ತಣಿಸುವ ದ್ರವ) ಅದರ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರಿಗೆ ಹರಿಸುವ ಈ ಕವಾಟವಿಲ್ಲದಿದ್ದರೆ, ಮಲೆನಾಡಿನ ಮಳೆಗಾಲದ ಚಳಿಯಲ್ಲಿ ಎಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಹಿಡಿದು, ಇಂಧನ ಹೆಚ್ಚು ಖರ್ಚಾಗಿ, ಸವೆತವೂ ಹೆಚ್ಚುತ್ತದೆ. ಅನುಮಾನವಿದ್ದರೆ ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲೆ ಕಾಯಿಸಿ ನೋಡಬಹುದು: ನೀರು ಕುದಿಯುವ ಮೊದಲೇ ನಡುವಿನ ಬಿಲ್ಲೆ ಸರಿದು ಬಾಯಿ ತೆರೆಯಬೇಕು; ತೆರೆಯದಿದ್ದರೆ ಹೊಸದನ್ನು ಹಾಕಬೇಕು. ಎರಡು ಲಕ್ಷ ಕಿಲೋಮೀಟರ್ ದಾಟಿದ ನನ್ನ ಕಾರಿನಲ್ಲಿ ಅದು ಸರಿಯಾಗಿಯೇ ತೆರೆಯಿತು. ದೋಷವಿದ್ದುದು ತುಕ್ಕಿನ ಕೆಸರು ಕಟ್ಟಿದ್ದ ರೇಡಿಯೇಟರಿನಲ್ಲಿ. ಎಂಜಿನ್ ಬಿಸಿಯಿರುವಾಗ ಮಾತ್ರ ದಯವಿಟ್ಟು ಯಾರೂ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.