ಅಂಚು ಕತ್ತರಿಸಿದ ಅಧಿಸೂಚನೆಗಳು

ಇವತ್ತು ಬೆಳಿಗ್ಗೆ ನಮ್ಮ ಫಾರ್ಮಸಿಸ್ಟರ ವಾಟ್ಸ್‌ಆ್ಯಪ್ ಗುಂಪಿಗೆ ಒಬ್ಬರು ರಾಜ್ಯಪತ್ರದ, ಅಂದರೆ ಸರ್ಕಾರಿ ಗೆಜೆಟ್ಟಿನ, ಒಂದು ಪುಟದ ಫೋಟೊ ಹಾಕಿ, ಕೆಳಗೆ ‘ಇಂದಿನಿಂದಲೇ ನಿಷೇಧ, ಎಲ್ಲರೂ ಕೂಡಲೇ ಸ್ಟಾಕ್ ವಾಪಸ್ ಮಾಡಿ’ ಎಂದು ಬರೆದಿದ್ದರು. ಪುಟ ಒಂದು ಕಡೆಗೆ ವಾಲಿತ್ತು, ಮೂಲೆಯಲ್ಲಿ ಯಾರದೋ ಹೆಬ್ಬೆರಳು ಕಾಣುತ್ತಿತ್ತು, ದಿನಾಂಕವೂ ಅಧಿಸೂಚನೆಯ ಸಂಖ್ಯೆಯೂ ಇರಬೇಕಾದ ಮೇಲಿನ ಅಂಚು ಕತ್ತರಿಸಿಹೋಗಿತ್ತು. ಅದು ಕೇಂದ್ರ ಆರೋಗ್ಯ ಸಚಿವಾಲಯ ಆಗಸ್ಟ್ 2024ರಲ್ಲಿ 156 ಎಫ್‌ಡಿಸಿಗಳನ್ನು, ಅಂದರೆ ಎರಡು ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲೋ ಸಿರಪ್‌ನಲ್ಲೋ ಸೇರಿಸಿದ ಸಂಯೋಜನೆಗಳನ್ನು, ನಿಷೇಧಿಸಿದಾಗಿನ ಹಳೆಯ ಪುಟ. ಅದರ ಕೆಳಗೆ ಸಾಲುಸಾಲಾಗಿ ‘ಮಾಹಿತಿಗೆ ಧನ್ಯವಾದಗಳು ಸರ್’ಗಳು, ಜೋಡಿಸಿದ ಕೈಗಳು. ಇದು ಯಾವತ್ತಿನದು ಎಂದು ಕೇಳಿದವರು ಒಬ್ಬರೂ ಇಲ್ಲ. ನಾನು ಕೇಳಿದೆ. ‘ಯಾವತ್ತಿನದಾದರೇನು, ನಿಷೇಧ ನಿಷೇಧವೇ ಅಲ್ಲವೇ’ ಎಂಬ ಉತ್ತರ ಬಂತು. ಈ ಬರಹಕ್ಕೆ ಕಾರಣ ಆ ಉತ್ತರ.

‘ನಿಷೇಧ ನಿಷೇಧವೇ’ ಎಂಬ ಮಾತು ಸರಿಯಲ್ಲ ಎನ್ನುವುದಕ್ಕೆ ಅದೇ ಪಟ್ಟಿಯ ಒಂದು ಸಾಲು ಸಾಕು. ಆಗ ನಿಷೇಧವಾದದ್ದು ಅಸಿಕ್ಲೋಫೆನಾಕ್ 50 ಮಿಲಿಗ್ರಾಂ ಮತ್ತು ಪ್ಯಾರಸಿಟಮಾಲ್ 125 ಮಿಲಿಗ್ರಾಂ ಇರುವ ಮಾತ್ರೆ. ಮೈಕೈ ನೋವಿಗೆಂದು ವೈದ್ಯರು ಸಾಮಾನ್ಯವಾಗಿ ಬರೆಯುವ, ಪ್ರತಿ ಔಷಧಿ ಅಂಗಡಿಯ ಕಪಾಟಿನಲ್ಲೂ ಇರುವ 100 ಮತ್ತು 325ರ ಮಾತ್ರೆಯನ್ನು ಆ ಸಾಲು ಮುಟ್ಟುವುದೇ ಇಲ್ಲ. ‘ಅಸಿಕ್ಲೋಫೆನಾಕ್–ಪ್ಯಾರಾ ಬ್ಯಾನ್’ ಎಂಬ ಮೂರು ಪದದ ಸಂದೇಶ ಓದಿಕೊಂಡು ಕಪಾಟು ಖಾಲಿ ಮಾಡುವವನಿಗೂ, ಅದೇ ಪಟ್ಟಿಯಲ್ಲಿ ನಿಜವಾಗಿ ಹೆಸರಿರುವ ಇನ್ನೊಂದು ಸಂಯೋಜನೆಯನ್ನು ಗಮನಿಸದೆ ಮಾರುತ್ತಲೇ ಇರುವವನಿಗೂ ಸಿಕ್ಕಿದ್ದು ಒಂದೇ ಮಾಹಿತಿ. ಮೇಲಾಗಿ, ಅಧಿಸೂಚನೆ ಮಾತನಾಡುವುದು ರಾಸಾಯನಿಕ ಹೆಸರು ಮತ್ತು ಪ್ರಮಾಣಗಳಲ್ಲಿ. ಕಪಾಟಿನಲ್ಲಿ ನಿಂತಿರುವುದು ಬ್ರ್ಯಾಂಡ್ ಹೆಸರುಗಳು. ಒಂದೊಂದು ಸ್ಟ್ರಿಪ್ಪನ್ನೂ ತಿರುಗಿಸಿ, ಹಿಂಬದಿಯ ಇರುವೆಸಾಲಿನಂಥ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ, ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ ಸಂಜೆಯ ರಶ್ಶಿನ ನಡುವೆ ನಮ್ಮ ಪಾಲಿಗೇ ಬರುತ್ತದೆ.

ಸುದ್ದಿಗೆ ದಿನಾಂಕ ಏಕೆ ಬೇಕು ಎಂದು ಕೇಳುವವರಿಗೆ 2013ನ್ನು ನೆನಪಿಸಬೇಕು. ಮಧುಮೇಹಕ್ಕೆ ಕೊಡುವ ಪಿಯೋಗ್ಲಿಟಜೋನ್ ಅನ್ನು ಆ ವರ್ಷ ಜೂನ್‌ನಲ್ಲಿ ತಡೆಹಿಡಿದರು. ಜುಲೈ ಕೊನೆಗೆ, ಪ್ಯಾಕಿನ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ಷರತ್ತಿನೊಂದಿಗೆ, ಆ ತಡೆಯನ್ನು ತೆಗೆದರು. ಮೊದಲ ಸುದ್ದಿ ಕಾಳ್ಗಿಚ್ಚಿನಂತೆ ಹರಡಿತು, ಎರಡನೆಯದು ತೆವಳಿಕೊಂಡು ಬಂತು. ಮಾರ್ಚ್ 2016ರಲ್ಲಿ 344 ಎಫ್‌ಡಿಸಿಗಳ ನಿಷೇಧವಾದಾಗ ಮೊಕದ್ದಮೆಗಳು ದೆಹಲಿ ಹೈಕೋರ್ಟಿಗೆ ಹೋದವು, ಆ ವರ್ಷದ ಡಿಸೆಂಬರಿನಲ್ಲಿ ನಿಷೇಧ ರದ್ದಾಯಿತು, ಮುಂದೆ ಸುಪ್ರೀಂ ಕೋರ್ಟ್ ವಿಷಯವನ್ನು ಮರುಪರಿಶೀಲನೆಗೆ ಕಳಿಸಿತು, ಸೆಪ್ಟೆಂಬರ್ 2018ರಲ್ಲಿ 328 ಸಂಯೋಜನೆಗಳು ಮತ್ತೆ ನಿಷೇಧಗೊಂಡವು. ಈ ಎರಡೂವರೆ ವರ್ಷಗಳಲ್ಲಿ ಯಾವ ದಿನ ಯಾವುದನ್ನು ಮಾರಬಹುದಿತ್ತು ಎಂಬುದನ್ನು ಹೆಬ್ಬೆರಳಿನ ಫೋಟೊ ನೋಡಿ ಹೇಳಬಲ್ಲವರಿದ್ದರೆ ಅವರಿಗೆ ನನ್ನದೊಂದು ಶಾಲು.

ಶಾಲು ಎಂದಾಗ ನೆನಪಾಯಿತು. ನಮ್ಮ ವೃತ್ತಿಯ ಸುದ್ದಿ ಎಂಬ ಹೆಸರಿನಲ್ಲಿ ನಮಗೆ ತಲುಪುವುದು ಬಹುಪಾಲು ಶಾಲು, ಹಾರ, ಪೇಟಗಳೇ. ಸೆಪ್ಟೆಂಬರ್ 25ರ ವಿಶ್ವ ಫಾರ್ಮಸಿಸ್ಟರ ದಿನದಂದು ಬರುವ ಶುಭಾಶಯದ ಚಿತ್ರಗಳಿಗೆ ಲೆಕ್ಕವಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಐದು ವರ್ಷಗಳಲ್ಲಿ ಕನಿಷ್ಠ ಎರಡು, ತಲಾ ಒಂದು ದಿನದ ರಿಫ್ರೆಶರ್ ಕೋರ್ಸ್‌ಗಳಿಗೆ ಹಾಜರಾಗಬೇಕು ಎನ್ನುತ್ತವೆ. ಉದ್ದೇಶ ಒಳ್ಳೆಯದೇ. ನಾನು ಕೊನೆಯ ಬಾರಿ ಹಾಜರಾದ ಕೋರ್ಸಿನಲ್ಲಿ ಸ್ವಾಗತ, ದೀಪ ಬೆಳಗುವುದು, ಗಣ್ಯರ ಪರಿಚಯ, ಗಣ್ಯರಿಂದ ಗಣ್ಯರಿಗೆ ಸನ್ಮಾನ ಇವೆಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ‘ಇತ್ತೀಚಿನ ಕಾನೂನು ತಿದ್ದುಪಡಿಗಳು’ ಎಂಬ ಉಪನ್ಯಾಸ ಸರ್ಟಿಫಿಕೇಟ್ ಹಂಚುವುದಕ್ಕೆ ಸ್ವಲ್ಪವೇ ಮುಂಚೆ ಇತ್ತು. ಉಪನ್ಯಾಸಕರು ಸ್ಲೈಡ್‌ಗಳನ್ನು ಓಡಿಸುತ್ತಾ ‘ಇದು ನಿಮಗೆಲ್ಲ ಗೊತ್ತೇ ಇರುತ್ತದೆ’ ಎನ್ನುತ್ತಾ ಸಾಗಿದರು. ಗೊತ್ತಿದ್ದರೆ ನಾವು ಅಲ್ಲಿಗೆ ಏಕೆ ಹೋಗುತ್ತಿದ್ದೆವು? ಸರ್ಟಿಫಿಕೇಟಿಗಾಗಿ ಎನ್ನುತ್ತೀರಿ. ಹೌದು, ನಾನು ಹೋದದ್ದೂ ಅದಕ್ಕೇ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ನಿಯಮಗಳು ಕಠಿಣವಾಗಿವೆ ಎಂಬುದು ನನ್ನ ದೂರಲ್ಲ. ಕೆಲವು ಆ್ಯಂಟಿಬಯೋಟಿಕ್‌ಗಳಂಥ ಔಷಧಗಳ ಮಾರಾಟದ ಮೇಲೆ ಹೆಚ್ಚಿನ ನಿಗಾ ಇಡುವ ಶೆಡ್ಯೂಲ್ ಎಚ್1 ಪಟ್ಟಿ ಮಾರ್ಚ್ 1, 2014ರಿಂದ ಜಾರಿಗೆ ಬಂದಾಗ ಗೊಣಗಿದವರ ಸಾಲಿನಲ್ಲಿ ನಾನಿರಲಿಲ್ಲ. ಮೂರನೆಯ ಪೀಳಿಗೆಯ ಆ್ಯಂಟಿಬಯೋಟಿಕ್‌ಗಳಾದ ಸೆಫಲೋಸ್ಪೊರಿನ್‌ಗಳನ್ನು ಕಡಲೆಪುರಿಯಂತೆ ಕೊಡುತ್ತಿದ್ದ ಕಾಲದಲ್ಲಿ, ಚೀಟಿ ಬರೆದ ವೈದ್ಯರು, ರೋಗಿ, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು ಎಂದದ್ದು ಸರಿಯಾಗಿಯೇ ಇತ್ತು. ನೋಂದಾಯಿತ ಫಾರ್ಮಸಿಸ್ಟನ ಮೇಲ್ವಿಚಾರಣೆಯಿಲ್ಲದೆ ಚೀಟಿಯ ಔಷಧ ಕೊಡಬಾರದೆಂಬ ನಿಯಮವೂ, ವೈದ್ಯರ ಚೀಟಿಯಿದ್ದರೆ ಮಾತ್ರ ಕೊಡಬಹುದಾದ ಶೆಡ್ಯೂಲ್ ಎಚ್ ಪಟ್ಟಿಯ ಔಷಧ ಬರೆದ ಚೀಟಿಗೆ ನಾವೇ ಬದಲಿ ಕೊಡಬಾರದೆಂಬ ನಿಯಮವೂ ಇರಲೇಬೇಕಾದವು. ಆದರೆ ಈ ಕೊನೆಯ ನಿಯಮದಿಂದಾಗಿ ಏನಾಗುತ್ತದೆಂದು ನೋಡಿ: ನಿಷೇಧವಾದ ಸಂಯೋಜನೆಯನ್ನು ಬರೆಸಿಕೊಂಡು ಬಂದವರಿಗೆ ನಾನು ಅದನ್ನು ಕೊಡುವಂತಿಲ್ಲ, ಬದಲಿಯನ್ನೂ ಕೊಡುವಂತಿಲ್ಲ, ಮತ್ತೆ ವೈದ್ಯರ ಬಳಿಗೆ ಕಳಿಸಬೇಕು. ‘ಏನಪ್ಪಾ, ಡಾಕ್ಟ್ರು ಬರೆದಿದ್ದನ್ನ ಇಲ್ಲ ಅನ್ನೋಕೆ ನೀನ್ಯಾರು?’ ಎಂದು ಕೇಳುವ ಹಿರಿಯರ ಮುಂದೆ ನನ್ನ ಕೈಯಲ್ಲಿ ತೋರಿಸಲು ಏನಿರಬೇಕು? ದಿನಾಂಕ, ಸಂಖ್ಯೆ ಇರುವ ಒಂದು ಕಾಗದ. ನನ್ನ ಬಳಿ ಇರುವುದು ಅಂಚಿಲ್ಲದ ಫೋಟೊ.

ಎಲ್ಲವೂ ಅಂತರ್ಜಾಲದಲ್ಲಿದೆ, ರಾಜ್ಯಪತ್ರವೂ ಸಿಗುತ್ತದೆ, ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಜಾಲತಾಣವೂ ಇದೆ, ಓದಿಕೊಳ್ಳಲು ತಾವೇ ಸೋಮಾರಿತನ ಮಾಡಿ ಬೇರೆಯವರನ್ನು ಬೈಯುವುದೇಕೆ ಎಂದು ಕೆಲವರು ಹೇಳುತ್ತಾರೆ. ಹೀಗೆ ಹೇಳುವವರು ಸಾಮಾನ್ಯವಾಗಿ ಕೌಂಟರಿನ ಹಿಂದೆ ನಿಂತವರಲ್ಲ. ಇದೆ, ನಿಜ. ರಾಜ್ಯಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿದೆ, ಎಲ್ಲ ಇಲಾಖೆಗಳ ಎಲ್ಲ ವಿಷಯಗಳೂ ಅದರಲ್ಲಿವೆ. ಗುಣಮಟ್ಟದ ಪರೀಕ್ಷೆಯಲ್ಲಿ ಸೋತ ಬ್ಯಾಚ್‌ಗಳ ಪಟ್ಟಿ ತಿಂಗಳು ತಿಂಗಳು ಪ್ರಕಟವಾಗುತ್ತದೆ, ಅದನ್ನು ನಾನು ಓದುತ್ತೇನೆ ಕೂಡ. ಆದರೆ ಒಂದು ಬ್ಯಾಚ್ ನಂಬರು ನನ್ನ ಅಂಗಡಿಯಲ್ಲಿದೆಯೇ ಎಂದು ತಿಳಿಯಲು ಪಟ್ಟಿಯ ಕಡೆಯಿಂದ ಕಪಾಟಿನ ಕಡೆಗೂ, ಕಪಾಟಿನ ಕಡೆಯಿಂದ ಪಟ್ಟಿಯ ಕಡೆಗೂ ಕತ್ತು ತಿರುಗಿಸುತ್ತಲೇ ಇರಬೇಕು. ತಮಾಷೆಯೆಂದರೆ, ಆಗಸ್ಟ್ 1, 2023ರಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಪ್ಯಾಕಿನ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸ್ಕ್ಯಾನ್ ಮಾಡಿದರೆ ತಯಾರಕರ ವಿಳಾಸದಿಂದ ಹಿಡಿದು ಬ್ಯಾಚು, ಅವಧಿ, ಲೈಸೆನ್ಸ್ ಸಂಖ್ಯೆಯವರೆಗೆ ಮಾತ್ರೆ ತನ್ನ ಜಾತಕವನ್ನೇ ಹೇಳುತ್ತದೆ. ಆ ಮಾತ್ರೆಯ ಮೇಲೆ ಹೊರಡುವ ಆದೇಶಕ್ಕೆ ಮಾತ್ರ ಅಂಥ ಭಾಗ್ಯವಿಲ್ಲ.

ಸಿಟ್ಟಿನ ಬರಹವೆಂದು ನೀವು ಓದುತ್ತಿರಬಹುದು, ಆದರೆ ಅದರ ಕೆಳಗಿರುವುದು ಹೆದರಿಕೆ. ಅಪರಿಚಿತರೊಬ್ಬರು ಬ್ಯಾಗು ಹಿಡಿದು ಬಂದು, ಏನನ್ನೂ ಕೇಳದೆ ಕಪಾಟುಗಳನ್ನು ನೋಡುತ್ತಾ ನಿಂತರೆ, ರಿಜಿಸ್ಟರುಗಳೆಲ್ಲ ಸರಿಯಿದ್ದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಗೊತ್ತಿರಲಿಲ್ಲ ಎಂಬುದು ಡ್ರಗ್ ಇನ್‌ಸ್ಪೆಕ್ಟರ ಮುಂದೆ ಉತ್ತರವಾಗುವುದಿಲ್ಲ, ಆಗಲೂ ಬಾರದು. ಹಾಗಿದ್ದ ಮೇಲೆ, ಲೈಸೆನ್ಸಿನಲ್ಲಿ ನನ್ನ ವಿಳಾಸವನ್ನೂ ನೋಂದಣಿಯಲ್ಲಿ ನನ್ನ ಫೋನ್ ನಂಬರನ್ನೂ ಇಟ್ಟುಕೊಂಡಿರುವವರು ನನಗೆ ನೇರವಾಗಿ ತಿಳಿಸುವ ಹೊಣೆಯನ್ನು ಏಕೆ ಹೊರುವುದಿಲ್ಲ? ನವೀಕರಣದ ಶುಲ್ಕ ಕಟ್ಟಲು ನೆನಪಿಸುವ ಸಂದೇಶ ಆ ನಂಬರಿಗೆ ಸಲೀಸಾಗಿ ತಲುಪುತ್ತದೆ.

1948ರ ಫಾರ್ಮಸಿ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಫಾರ್ಮಸಿ ಆಯೋಗವನ್ನು ತರುವ ಮಸೂದೆಯ ಕರಡು 2023ರಲ್ಲಿ ಹೊರಬಂದಾಗ ನಮ್ಮ ಗುಂಪಿನಲ್ಲಿ ನಡೆದ ಚರ್ಚೆಯೆಲ್ಲ ಅದರಲ್ಲಿ ಯಾರಿಗೆ ಎಷ್ಟು ಕುರ್ಚಿ ಎಂಬುದರ ಸುತ್ತಲೇ ಇತ್ತು. ನನಗೆ ಕುರ್ಚಿ ಬೇಡ. ಪ್ರತಿ ಆದೇಶಕ್ಕೂ ಕನ್ನಡದಲ್ಲಿ ಒಂದು ಪುಟ ಬೇಕು: ಸಂಯೋಜನೆ ಯಾವುದು, ಪ್ರಮಾಣ ಎಷ್ಟು, ಯಾವ ದಿನದಿಂದ, ಇರುವ ಸ್ಟಾಕನ್ನು ಏನು ಮಾಡಬೇಕು, ಮತ್ತು ಆಮೇಲೆ ಆದೇಶ ಬದಲಾದರೆ ಅದೇ ಸಂಖ್ಯೆಯ ಕೆಳಗೆ ಆ ಬದಲಾವಣೆ. ಇದಕ್ಕೆ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ, ಆಯೋಗವೂ ಬೇಕಿಲ್ಲ; ಒಬ್ಬ ಗುಮಾಸ್ತ, ಒಂದು ಕಂಪ್ಯೂಟರ್, ಒಂದು ಮಧ್ಯಾಹ್ನ ಸಾಕು. ಸನ್ಮಾನ ಸಮಾರಂಭವಿಲ್ಲದ ಮಧ್ಯಾಹ್ನವೊಂದು ಸಿಕ್ಕರೆ.